ಜಗಲಿ ಸುಮ್ಮನಿರುವಂತಿಲ್ಲ

ಆಕ್ಲೆಂಡ್
26 ಜುಲೈ 1981

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೈಕಾಲು ನೆಟ್ಟಗಿವೆ. ನಿನ್ನೆ ಟಿ.ವಿ.ಯಲ್ಲಿ ಹ್ಯಾಮಿಲ್ಟನ್ ಮೈದಾನ ನೋಡಿ ನೀನು ಎದೆ ಹಿಡಿದುಕೊಂಡು ಕೂತಿರುತ್ತೀಯ, ಇಲ್ಲವೇ ನನ್ನನ್ನು ಬೈಯುತ್ತಾ ಕೂತಿರುತ್ತೀಯ. ಎರಡನೆಯದೇ ಇರಬೇಕು. ಬೇಲಿ ಕಿತ್ತು ಒಳಗೆ ನುಗ್ಗಿ, ಮೈದಾನದ ನಟ್ಟನಡುವೆ ಕೈಗೆ ಕೈ ಹೆಣೆದು ನಿಂತವರಲ್ಲಿ ನಾನೂ ಒಬ್ಬಳು. ಅಮ್ಮನ ಹಸಿರು ಕೋಟು ಹಾಕಿಕೊಂಡಿದ್ದೆ, ಕಾಣಿಸಿತಾ?

ಪಂದ್ಯ ನೋಡಲು ಬಂದವರು ನಮ್ಮ ಮೇಲೆ ಬಿಯರ್ ಡಬ್ಬಿ ಎಸೆದರು. ಖಾಲಿಯವಲ್ಲ, ತುಂಬಿದವು. ನಮ್ಮ ದೇಶದ ಗಂಡಸರು ರಗ್ಬಿಗಾಗಿ ಬಿಯರನ್ನೂ ತ್ಯಾಗ ಮಾಡುತ್ತಾರೆ ಅಂತ ನಿನ್ನೆ ಗೊತ್ತಾಯಿತು. ಅಷ್ಟರಲ್ಲಿ ಪಂದ್ಯ ರದ್ದಾಯಿತು ಅಂತ ಮೈಕಿನಲ್ಲಿ ಹೇಳಿದರು. ನಾವು ಗೆದ್ದೆವು ಅಕ್ಕಾ! ಒಂದು ಚೆಂಡನ್ನೂ ಮುಟ್ಟದೆ ವರ್ಣಭೇದದ ಆ ದಕ್ಷಿಣ ಆಫ್ರಿಕಾದ ತಂಡ ವಾಪಸ್ ಬಸ್ಸು ಹತ್ತಿತು.

ನನ್ನ ಪಕ್ಕದಲ್ಲಿ ನಿಂತಿದ್ದವನು ನೋಯಲ್ ಫೆಬ್ರುವರಿ. ಅದು ಅವನ ಮನೆತನದ ಹೆಸರು, ನಂಬು. ನಮ್ಮ ಬಿಸ್ಕತ್ ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುತ್ತಾನೆ. ಊರು ಕೇಪ್‌ಟೌನ್. ಅಲ್ಲಿ ಅವನಿಗೆ ಬೇರೆ ಬೆಂಚು, ಬೇರೆ ಬಸ್ಸು, ಬೇರೆ ಆಸ್ಪತ್ರೆ, ಬೇರೆ ಮೈದಾನ. ಬಣ್ಣ ನೋಡಿ ಮನೆಯಿಂದಲೂ ಎಬ್ಬಿಸಿದರಂತೆ. ಪಂದ್ಯ ರದ್ದಾಯಿತು ಅಂದಾಗ ಅವನು ಕುಣಿಯಲಿಲ್ಲ, ಕೂಗಲಿಲ್ಲ. ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ನೆಲ ಸವರಿದ. "ಎಷ್ಟು ಚೆನ್ನಾಗಿದೆ ನೋಡು ಈ ಹುಲ್ಲು," ಅಂದ. ನನಗೆ ನಮ್ಮ ಪಾರತೆನೆಯ ನೆನಪಾಯಿತು. 1960ರಲ್ಲಿ ನಮ್ಮ ದೇಶದ ತಂಡ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ, ನಮ್ಮಂಥ ಮಾವೋರಿಗಳು ಅಲ್ಲಿಯ ಬಿಳಿಯರಿಗೆ ಬೇಡ ಅಂತ ನಮ್ಮಣ್ಣನನ್ನು ಆಯ್ಕೆಯ ಪಂದ್ಯಕ್ಕೂ ಕರೆಯಲಿಲ್ಲವಲ್ಲ. ಅವನೂ ಹೀಗೇ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

ಈಗ ಅಸಲು ವಿಷಯ. ಆ ತಂಡ ಆಗಸ್ಟಿನಲ್ಲಿ ನೇಪಿಯರ್‌ಗೆ ಬಂದಾಗ ಒಂದು ಮಧ್ಯಾಹ್ನ ನಮ್ಮ ಊರಿಗೆ, ನಮ್ಮ ಕುಲದವರೆಲ್ಲ ಸೇರುವ ಕೂಟದ ಮನೆಗೆ ಊಟಕ್ಕೆ ಬರುತ್ತದೆ ಅಂತ ಇಲ್ಲಿ ಯಾರೋ ಹೇಳಿದರು. ಸುಳ್ಳು ಅಂತ ಬರಿ.

ಮುರುಕು ಬಿಸ್ಕತ್ ಒಂದು ಚೀಲ ಕಳಿಸಿದ್ದೇನೆ. ಶುಂಠಿಯವು ನಿನಗೆ.

ನಿನ್ನ
ಅರಿಹಿಯಾ


ವೈಹೀರೆ
2 ಆಗಸ್ಟ್ 1981

ಅರಿಹಿಯಾ,

ಕೋಟು ಕಾಣಿಸಿತು. ಅದನ್ನು ಒಗೆಸಿ ಇಸ್ತ್ರಿ ಹಾಕಿಸು, ಅಮ್ಮ ಅದನ್ನು ಚರ್ಚಿಗೆ ಅಂತ ಹೊಲಿಸಿದ್ದು.

ಬಿಸ್ಕತ್ ಚೀಲ ನನ್ನ ಕೈಗೆ ಬರುವಷ್ಟರಲ್ಲಿ ಶುಂಠಿಯವು ಅರ್ಧ ಖಾಲಿ. ನಮ್ಮೂರ ಅಂಚೆ ಇನ್ನೂ ಕತರೀನ ದೊಡ್ಡಮ್ಮನ ಅಂಗಡಿಯಲ್ಲೇ ಇದೆ ಅನ್ನುವುದನ್ನು ನೀನು ಮರೆತಿರಬಹುದು, ಅವಳ ಕೆಟಲ್ ಮರೆತಿಲ್ಲ. ಲಕೋಟೆಗೆ ಹಬೆ ಹಿಡಿದು ಬಿಡಿಸಿ ಓದಿ ಮತ್ತೆ ಅಂಟಿಸುವಷ್ಟು ಅಚ್ಚುಕಟ್ಟು ಕೆಲಸ ಅವಳು ಬೇರೆ ಯಾವುದರಲ್ಲೂ ಮಾಡುವುದಿಲ್ಲ. (ದೊಡ್ಡಮ್ಮಾ, ಅಂಟು ಸ್ವಲ್ಪ ಕಡಿಮೆ ಹಚ್ಚು.)

ನೀನು ಗೆದ್ದ ದಿನ ಇಲ್ಲಿ ಏನಾಯಿತು ಕೇಳು. ಎರುವೇರ ದೊಡ್ಡಪ್ಪನ ಮನೆಯಲ್ಲಿ ಪಂದ್ಯ ನೋಡಲು ಅರ್ಧ ಊರು ಸೇರಿತ್ತು. ಹಂದಿ ಮಾಂಸ ಹುರಿದಿಟ್ಟಿದ್ದರು. ಪಂದ್ಯ ರದ್ದು ಅಂದ ಕೂಡಲೇ ದೊಡ್ಡಪ್ಪ ಬೂಟು ತೆಗೆದು ಟಿ.ವಿ.ಗೆ ಎಸೆದರು. ಟಿ.ವಿ. ಒಡೆಯಲಿಲ್ಲ, ಮೇಲಿದ್ದ ಹೂದಾನಿ ಒಡೆಯಿತು. ದೊಡ್ಡಮ್ಮ ಎರಡು ದಿನ ಅವರಿಗೆ ತಣ್ಣನೆ ಊಟ ಹಾಕಿದಳು.

ನೀನು ಕೇಳಿದ್ದು ನಿಜ. 23ನೇ ತಾರೀಕು ಭಾನುವಾರ ಬರುತ್ತಾರೆ. ರಗ್ಬಿ ಸಂಘದವರು ಕೇಳಿದರು, ದೊಡ್ಡಪ್ಪ ಒಪ್ಪಿಕೊಂಡರು. ಕೂಟದ ಮನೆಯ ಯಜಮಾನರು ಅವರು, ಒಪ್ಪಿಕೊಳ್ಳುವ ಹಕ್ಕು ಅವರದು. ಸಭೆಯಲ್ಲಿ ಹೇಳಿದರು: "ಗೇಟಿಗೆ ಬಂದೋರ ಪಾಪಪುಣ್ಯ ವಿಚಾರಿಸ್ಕೊಂಡು ಒಳಗೆ ಕರ್ಕೊಳ್ಳೋದು ನಮ್ಮ ಪದ್ಧತಿ ಅಲ್ಲ. ಹಸಿದು ಬರ್ತಾರೆ, ಉಣ್ಣಿಸ್ತೀವಿ. ಮಹಾಯುದ್ಧದಲ್ಲಿ ಮರುಭೂಮೀಲಿ ಅವರ ಪಕ್ಕ ನಿಂತು ಹೋರಾಡಿದೋನು ನಾನು."

ನಾನು ಕೇಳಿದೆ, "ಅವರಲ್ಲಿ ಕರಿಯರ ಕೈಗೂ ಬಂದೂಕು ಕೊಟ್ಟಿದ್ರಾ ದೊಡ್ಡಪ್ಪಾ?"

ಅವರು ಹೇಳಿದರು: "ಇಲ್ಲ. ಅವರು ಗಾಯಾಳುಗಳನ್ನ ಹೊರ್ತಿದ್ರು. ಗುಂಡಿನ ಮಧ್ಯೆ ಬರಿಗೈಲಿ. ಈಗ ಆ ಮಾತ್ಯಾಕೆ?"

ಆ ಮಾತು ಅಲ್ಲಿಗೇ ನಿಂತಿತು. ಆದರೆ ಅವರ ಮಾತಿನಲ್ಲಿ ನ್ಯಾಯ ಇಲ್ಲ ಅನ್ನಬೇಡ. ನಮ್ಮ ಗೇಟಿನಿಂದ ಯಾರನ್ನೂ ಹಸಿದು ಕಳಿಸಿಲ್ಲ. ಜಮೀನು ಅಳೆಯಲು ಬಂದ ಸರ್ಕಾರದವನಿಗೂ ಅಜ್ಜಿ ಊಟ ಹಾಕಿ, ಆಮೇಲೆ ಓಡಿಸಿದ್ದಳು.

ಛಾವಣಿ ಸೋರುತ್ತಿದೆ. ಫೆಬ್ರುವರಿಗೆ ನಮಸ್ಕಾರ ಹೇಳು. ಮಾರ್ಚ್ ಬಂದರೆ ಏನು ಮಾಡುತ್ತಾನೆ?

ಪಿರಿಹಿರ


ಆಕ್ಲೆಂಡ್
7 ಆಗಸ್ಟ್ 1981

ಅಕ್ಕಾ,

ಛಾವಣಿ, ಹೂದಾನಿ, ಬಿಸ್ಕತ್ತು ಎಲ್ಲ ಬರೆದೆ. ಒಂದು ಮಾತು ಮಾತ್ರ ಬರೆಯಲಿಲ್ಲ. ನಮ್ಮ ಕೂಟದ ಮನೆಯ ಜಗಲಿಯಿಂದ ದನಿ ಎತ್ತಿ ಅತಿಥಿಗಳನ್ನು ಕರೆಯುವವಳು ನೀನು. ಹೆಣ್ಣುದನಿ ಕರೆಯದೆ ಯಾವ ಅತಿಥಿಯೂ, ಮಂತ್ರಿಯೇ ಬರಲಿ, ಗೇಟು ದಾಟಿ ಒಂದು ಹೆಜ್ಜೆ ಇಡುವಂತಿಲ್ಲ. ದೊಡ್ಡಪ್ಪ ನೂರು ಸಲ ಒಪ್ಪಿಕೊಳ್ಳಲಿ. ನೀನು ಬಾಯಿ ಮುಚ್ಚಿಕೊಂಡರೆ ಆ ತಂಡ ಗೇಟಿನಲ್ಲೇ ನಿಂತಿರಬೇಕು. ಕರೆಯುತ್ತೀಯೋ ಇಲ್ಲವೋ?

ಆಟಕ್ಕೂ ರಾಜಕೀಯಕ್ಕೂ ಏನು ಸಂಬಂಧ ಅಂತ ದೊಡ್ಡಪ್ಪ ಕೇಳುತ್ತಾರೆ, ಗೊತ್ತು. ನಾನೂ ಫೆಬ್ರುವರಿಗೆ ಅದನ್ನೇ ಕೇಳಿದೆ. ಅವನೆಂದ: "ನಮ್ಮನ್ನ ಆಳೋರಿಗೆ ವ್ಯಾಪಾರ ನಿಂತ್ರೆ ಸಿಟ್ಟು ಬರುತ್ತೆ, ಅಷ್ಟೆ. ರಗ್ಬಿ ನಿಂತ್ರೆ ಅಳು ಬರುತ್ತೆ. ಮಿಕ್ಕಿದ್ದೆಲ್ಲಾ ಅವರು ಗೋಡೆ ಕಟ್ಟಿ ಕಾಯ್ಕೊಂಡಿದ್ದಾರೆ. ಆಟ ಆಡೋಕೆ ಮಾತ್ರ ಇನ್ನೊಬ್ಬರು ಬೇಕೇ ಬೇಕಲ್ಲಾ." ಅವರ ಜತೆ ಆಡುವವರು ಯಾರೂ ಇಲ್ಲದಿದ್ದರೆ, ನಾವೇನು ಮಾಡಿದ್ದೇವೆ ಅಂತ ಅವರು ಒಂದು ದಿನ ಯೋಚಿಸಲೇಬೇಕು. ಊಟಕ್ಕೆ ಕರೆಯುವವರು ಇರುವ ತನಕ ಯಾಕೆ ಯೋಚಿಸುತ್ತಾರೆ?

70ರಲ್ಲಿ ನಮ್ಮ ಹುಡುಗರನ್ನೂ ಆ ದೇಶಕ್ಕೆ ಬಿಟ್ಟುಕೊಂಡರಲ್ಲ ಅಂತಲೂ ಅವರು ಹೇಳಬಹುದು. ಹೌದು, 'ಗೌರವ ಬಿಳಿಯರು' ಅಂತ ಹಣೆಪಟ್ಟಿ ಕಟ್ಟಿ ಬಿಟ್ಟುಕೊಂಡರು. ಅಂಥ ಗೌರವ ನಮ್ಮ ನಾಯಿಗೂ ಬೇಡ.

ಪಾರತೆನೆಗೆ ದೊಡ್ಡಪ್ಪ ಏನು ಹೇಳಿದ್ದರು ನೆನಪಿದೆಯಾ? "ಸುಮ್ಮನಿರು ಮಗನೇ, ಗಲಾಟೆ ಮಾಡ್ಬೇಡ, ಮುಂದಿನ ಸಲ ಕರೀತಾರೆ." ಸುಮ್ಮನಿದ್ದ. ಬೂಟಿಗೆ ಎಣ್ಣೆ ಹಚ್ಚಿ ಇಡುತ್ತಿದ್ದ. ಮುಂದಿನ ಸಲ ಬರುವಷ್ಟರಲ್ಲಿ ಅವನ ಮಂಡಿ ಹೋಗಿತ್ತು, ಆಮೇಲೆ ಅವನೇ ಹೋದ. ಅವನ ಫೋಟೋ ಆ ಮನೆಯ ಗೋಡೆಯ ಮೇಲೇ ಇದೆ. ಅದರ ಕೆಳಗೆ ಕೂರಿಸಿ ಅವರಿಗೆ ಊಟ ಹಾಕುತ್ತೀಯಾ?

ಒಂದೇ ಮಾತಲ್ಲಿ ಉತ್ತರ ಬರಿ.

ಅರಿಹಿಯಾ


ವೈಹೀರೆ
12 ಆಗಸ್ಟ್ 1981

ಅರಿಹಿಯಾ,

ನಿನ್ನ ಕಾಗದ ನನಗೆ ತಲುಪುವ ಮುಂಚೆಯೇ ಊರಿಗೆಲ್ಲ ತಲುಪಿತ್ತು. ಈ ತಿಂಗಳು ಕಾಗದಗಳು ಭಾರವಾಗಿ ಬರುತ್ತಿವೆ ಅಂತ ದೊಡ್ಡಮ್ಮ ತಕ್ಕಡಿ ನೋಡುತ್ತಾ ಹೇಳಿದಳು. ಹಾಗಾಗಿ ಹಗುರವಾಗಿ ಬರೆಯುತ್ತಿದ್ದೇನೆ.

ಹಾವುಮೀನು ಚೆನ್ನಾಗಿ ಬಿದ್ದಿದೆ. ಹೊಗೆಗೆ ಕಟ್ಟಿದ್ದೇವೆ. ನೆಲ ಅಗೆದು ಮಾಡುವ ಒಲೆಗೆ, ಕಾಯಿಸಲು ಕಲ್ಲು ಆರಿಸಿದ್ದಾಯಿತು. ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆವು, ಬಿಸಿಲು ಬರಲಿಲ್ಲ.

ಅಮ್ಮ ಹೇಳಿಕೊಟ್ಟದ್ದು ನನಗೆ ಒಂದೇ ಮಾತು: ಗೇಟಿನಲ್ಲಿ ಅತಿಥಿ ನಿಂತಿರುವಾಗ ಜಗಲಿ ಸುಮ್ಮನಿರುವಂತಿಲ್ಲ. ಸುಮ್ಮನಿದ್ದರೆ ಅದು ಸತ್ತ ಮನೆ. ನಾನು ಹೊಣೆ ಹೊತ್ತಿರುವ ತನಕ ಆ ಮನೆ ಸಾಯಬಾರದು. ನಿನಗೆ ಇದು ಗೊತ್ತು.

ಇನ್ನೊಂದು ತೊಡಕು. ಕರೆ ಹೋದ ಮೇಲೆ ಅತಿಥಿಗಳ ಕಡೆಯಿಂದ ಒಬ್ಬ ಹೆಂಗಸು ಉತ್ತರ ಕೊಡಬೇಕಲ್ಲ. ರಗ್ಬಿ ತಂಡದಲ್ಲಿ ಹೆಂಗಸು ಎಲ್ಲಿಂದ ಬರಬೇಕು? ಸಂಘದವನು ಬಂದು, "ಯಾರನ್ನಾದ್ರೂ ಬಾಡಿಗೆಗೆ ಗೊತ್ತುಮಾಡಿ" ಅಂದ, ಕುರ್ಚಿ ಮೇಜಿನ ಹಾಗೆ. ಇಲ್ಲಿ ಯಾರೂ ಒಪ್ಪುತ್ತಿಲ್ಲ.

ಅತಿಥಿಗಳ ಕಡೆಯ ಉತ್ತರವನ್ನು ಅಮ್ಮ ನಿನಗೆ ಕಲಿಸಿದ್ದಳು. ಒಡಹುಟ್ಟಿದ ಅಕ್ಕ ಇರುವಾಗ ತಂಗಿ ದನಿ ಎತ್ತಬಾರದು ಅಂತ ನೀನು ಇವತ್ತಿನ ತನಕ ಒಂದು ಸಲವೂ ಕರೆದವಳಲ್ಲ. ಈಗ ಅಕ್ಕನೇ ಕೇಳುತ್ತಿದ್ದೇನೆ. 23ಕ್ಕೆ ಬಾ. ಕಪ್ಪು ಬಟ್ಟೆ ಹಾಕಿಕೋ. ಉತ್ತರ ನೆನಪಿದೆಯಾ?

ಪಿರಿಹಿರ


ಆಕ್ಲೆಂಡ್
16 ಆಗಸ್ಟ್ 1981

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರು ಸಲವೂ ಮೈ ಉರಿಯಿತು.

ಕೇಳುವುದನ್ನು ಕೇಳಿದೆ, ಅದನ್ನು ಬೇರೆ ಯಾರ ಹತ್ತಿರವಾದರೂ ಕೇಳಬಾರದಾಗಿತ್ತೇ? ಇಷ್ಟು ವರ್ಷ ನನ್ನ ಬಾಯಿ ಕಟ್ಟಿ ಇಟ್ಟು, ಈಗ ಬಿಚ್ಚುವುದು ಅವರಿಗೋಸ್ಕರವಾ? ಆ ತಂಡದ ಮುಂದೆ ನಡೆದು, ಅವರ ಪರವಾಗಿ ಅಮ್ಮನ ಉತ್ತರ ಕೊಡಬೇಕಾ ನಾನು? ಫೆಬ್ರುವರಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ನಿಮ್ಮಕ್ಕ ಸಭ್ಯಸ್ಥರು ಅನ್ಸುತ್ತೆ," ಅಂದ. ನನಗೆ ಭೂಮಿಗೆ ಇಳಿದುಹೋದಂತಾಯಿತು.

ಬರುತ್ತೇನೆ. ಕಪ್ಪು ಬಟ್ಟೆಯನ್ನೇ ಹಾಕಿಕೊಂಡು ಬರುತ್ತೇನೆ, ನೀನು ಹೇಳಿದೆ ಅಂತ ಅಲ್ಲ, ಸೂತಕ ಅಂತ. ಇಲ್ಲಿಂದ ಒಂದು ಬಸ್ಸು ಹೊರಡುತ್ತಿದೆ. ಗಿಸ್ಬರ್ನ್ ಕಡೆಯಿಂದಲೂ ಜನ ಬರುತ್ತಾರೆ, ಒಬ್ಬ ಪಾದ್ರಿಯೂ ಇದ್ದಾರೆ. ರಸ್ತೆಯ ಆಚೆ, ಬೇಲಿಯ ಹತ್ತಿರ ನಿಲ್ಲುತ್ತೇವೆ. ನೀನು ಅವರನ್ನು ಕರೆಯಲು ಬಾಯಿ ತೆರೆದ ಕೂಡಲೇ ನಾನು ನಮ್ಮ ಮನೆಗೆ ಬೆನ್ನು ಹಾಕುತ್ತೇನೆ. ಆಮೇಲೆ ಈ ಮುಖವನ್ನು ತಿರುಗಿಸುವುದಿಲ್ಲ. ಮಣ್ಣಿಗೆ ಕೂಡ ಬರುವುದಿಲ್ಲ, ನಿನ್ನದಕ್ಕೂ, ನನ್ನದಕ್ಕೂ. ನನ್ನನ್ನು ಇಲ್ಲೇ ಹೂಳಲಿ.

ಬಿಸ್ಕತ್ ಕಳಿಸಿಲ್ಲ.

ಅರಿಹಿಯಾ


ವೈಹೀರೆ
18 ಆಗಸ್ಟ್ 1981

ಅರಿಹಿಯಾ,

ಸರಿ. ರಸ್ತೆಯಾಚೆ ಒಟ್ಟು ಎಷ್ಟು ಜನ ನಿಲ್ಲುತ್ತೀರಿ? ಗುರುವಾರದೊಳಗೆ ಉತ್ತರ ಅಂಚೆಗೆ ಹಾಕು.

ಪಿರಿಹಿರ


ಆಕ್ಲೆಂಡ್
20 ಆಗಸ್ಟ್ 1981

ಯಾಕೆ, ಪೊಲೀಸರಿಗೆ ಹೇಳಿಕೊಡಲಿಕ್ಕಾ? ಅರವತ್ತು ಜನ. ಎಲ್ಲರೂ ತಲೆ ಎತ್ತಿಕೊಂಡೇ ಬರುತ್ತೇವೆ ಅಂತ ಹೇಳು.

ಅರಿಹಿಯಾ


ವೈಹೀರೆ
25 ಆಗಸ್ಟ್ 1981

ನನ್ನ ಅರಿಹಿಯಾ,

ಭಾನುವಾರ ನಿನ್ನ ಹತ್ತಿರ ನೆಟ್ಟಗೆ ಮಾತಾಡಲಿಕ್ಕೇ ಆಗಲಿಲ್ಲ. ಉಂಡಿರಿ, ಹಾಡಿದಿರಿ, ಸೋಮವಾರ ಕಾರ್ಖಾನೆ ಅಂತ ಬಸ್ಸು ಹತ್ತಿದಿರಿ. ನಿನ್ನನ್ನು ಹಿಡಿದುಕೊಂಡು ಅತ್ತದ್ದೊಂದೇ ಬಂತು, ಹೇಳಬೇಕಾದದ್ದು ಹಾಗೇ ಉಳಿಯಿತು. ನೀನು ಬೇಲಿಯ ಆಚೆಯಿಂದ ನೋಡಿದೆ. ಜಗಲಿಯಿಂದ ಅದು ಹೇಗೆ ಕಂಡಿತು ಅಂತ ಹೇಳುತ್ತೇನೆ ಕೇಳು.

ಬೆಳಿಗ್ಗೆ ಪಾರತೆನೆಯ ಫೋಟೋವನ್ನು ಗೋಡೆಯಿಂದ ಇಳಿಸಿ ತಂದು ಜಗಲಿಯಲ್ಲಿ ನನ್ನ ಬಲಗಡೆ ಇಟ್ಟೆ. ದೊಡ್ಡಪ್ಪ ಬಂದರು, ಎದೆ ತುಂಬಾ ಯುದ್ಧದ ಪದಕ. ಫೋಟೋ ನೋಡಿದರು. ಒರೆಸಲು ಬಟ್ಟೆ ಇದೆಯಾ ಅಂತ ಕೇಳಿ, ಗಾಜು ಒರೆಸಿ, ಹೋಗಿ ತಮ್ಮ ಬೆಂಚಿನಲ್ಲಿ ಕೂತರು. ನನಗೆ ಆಗಲೇ ಅರ್ಧ ಧೈರ್ಯ ಬಂತು.

ತಂಡದ ಬಸ್ಸು ಬಂತು. ಕೋಟು ಹಾಕಿದ ದೊಡ್ಡ ದೊಡ್ಡ ಆಳುಗಳು, ಆದರೆ ಮುಖ ನೋಡಿದರೆ ಹುಡುಗರು ಕಣೇ. ಒಬ್ಬನ ಕಿವಿಗೆ ಪ್ಲಾಸ್ಟರು. ಸಂಘದವನು ಅವರಿಗೆ ಚೆನ್ನಾಗಿ ಪಾಠ ಹೇಳಿ ತಂದಿದ್ದ: ಹೆಂಗಸು ಕರೆಯುವ ತನಕ ಒಂದು ಹೆಜ್ಜೆಯೂ ಇಡಬೇಡಿ. ಅವರು ಗೇಟಿನ ಹೊರಗೆ ಸಾಲಾಗಿ ನಿಂತರು, ಶಾಲೆಯ ಮಕ್ಕಳ ಹಾಗೆ. ಅವರ ಹಿಂದೆ ರಸ್ತೆ. ರಸ್ತೆಯಾಚೆ ನೀವು. ಎರಡು ಗುಂಪಿನ ಮಧ್ಯೆ ಹನ್ನೆರಡು ಪೊಲೀಸರು. ನಿನ್ನ ಕಪ್ಪು ಉಡುಪು ಕಂಡಿತು. ನೀನು ನನ್ನನ್ನೇ ನೋಡುತ್ತಿದ್ದೆ, ಬೆನ್ನು ಹಾಕಲು ಒಂದು ಕಾಲು ತಿರುಗಿಸಿಕೊಂಡು.

ನನ್ನ ಕಷ್ಟ ಏನಾಗಿತ್ತು ಗೊತ್ತಾ? ಅವರನ್ನು ಕರೆಯಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಸುಮ್ಮನಿರಲು ಅಮ್ಮನ ಮಾತು ಬಿಡುತ್ತಿರಲಿಲ್ಲ. ವಾರಗಟ್ಟಲೆ ಹಗಲೂ ರಾತ್ರಿ ಇದೇ. ಕಡೆಗೆ ಹೊಳೆಯಿತು: ನನಗೆ ಕರೆಯಲು ಯಾರಾದರೂ ಬೇಕು, ಅಷ್ಟೆ. ಅದಕ್ಕೇ ನಿನ್ನನ್ನು ಬಾ ಅಂದದ್ದು, ಕಪ್ಪು ಉಡು ಅಂದದ್ದು, ಉತ್ತರ ನೆನಪಿದೆಯಾ ಅಂದದ್ದು. ಬಿಡಿಸಿ ಬರೆಯೋಣ ಅಂದರೆ ನಡುವೆ ಕೆಟಲ್ಲು! ನೀನು ಅರ್ಥ ಮಾಡಿಕೊಳ್ಳುತ್ತೀಯ ಅಂದುಕೊಂಡೆ. ಮಣ್ಣಿಗೂ ಬರುವುದಿಲ್ಲ ಅಂತ ಬರೆದೆ. ಆ ಕಾಗದ ಓದಿ ಹಿತ್ತಲಿಗೆ ಹೋಗಿ ಅತ್ತೆ, ಬಂದು ಜನ ಎಷ್ಟು ಅಂತ ಕೇಳಿ ಬರೆದೆ.

ಉಸಿರು ತುಂಬಿಕೊಂಡೆ. ಗೇಟಿನವರ ತಲೆಯ ಮೇಲಿಂದ ನಿನ್ನನ್ನು ನೋಡಿ ಕರೆದೆ. ನೀನು ಕೇಳಿದ್ದೇ ಆದರೂ ಬರೆಯುತ್ತೇನೆ, ಬರೆದಿಟ್ಟರೆ ನನಗೆ ಸಮಾಧಾನ.

ಬೇಲಿಯಾಚೆ ನಿಂತವರೇ, ಬನ್ನಿ, ಒಳಗೆ ಬನ್ನಿ!
ಸ್ವಂತ ನೆಲದಲ್ಲಿ ನಿಲ್ಲಲು ತಾವಿಲ್ಲದವರನ್ನು ಕರೆತನ್ನಿ,
ಗುಂಡೇಟಿಗೆ ಬಿದ್ದ ನಿಮ್ಮ ಮಕ್ಕಳನ್ನು ಹೊತ್ತು ತನ್ನಿ,
ಯಾರೂ ಕರೆಯದ ನಮ್ಮ ಪಾರತೆನೆಯ ಕೈಹಿಡಿದು ತನ್ನಿ,
ಅಮ್ಮನ ಕಿರಿಮಗಳೇ, ಬಾ, ಬಾ, ಬಾ!

ಸಂಘದವನಿಗೆ ನಮ್ಮ ಭಾಷೆ ಎಲ್ಲಿ ಬರಬೇಕು? ದನಿ ಕೇಳಿದ ಕೂಡಲೇ, "ಹಾಂ, ನಡೀರಿ," ಅಂತ ತಂಡವನ್ನು ಹೊರಡಿಸಿದ. ಗೇಟಿನಲ್ಲಿ ನಿಂತಿದ್ದ ಕತರೀನ ದೊಡ್ಡಮ್ಮ ಕೈ ಅಡ್ಡ ಹಾಕಿದಳು.

"ನಿಮ್ಮನ್ನಲ್ಲ ಕಣಪ್ಪಾ."

"ಏನು?"

"ಕರೆದಿದ್ದು ನಿಮ್ಮನ್ನಲ್ಲ. ಹಿಂದಿರೋರನ್ನ. ಸ್ವಲ್ಪ ದಾರಿ ಬಿಡಿ, ಅತಿಥಿಗಳು ಬರ್ಬೇಕು."

ಪೊಲೀಸರಿಗೆ ಏನು ಮಾಡಬೇಕೋ ತೋಚಲಿಲ್ಲ. ಮನೆಯವರೇ ಕರೆದಿರುವಾಗ ತಡೆಯುವುದು ಹೇಗೆ? ಆಮೇಲಿನದು ನಿನ್ನ ಸರದಿ. ನಿನ್ನ ಉತ್ತರ ಬರುವ ತನಕ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ.

ದೊಡ್ಡಪ್ಪನ ಮಾತನ್ನು ನೀವೆಲ್ಲ ಕೇಳಿದಿರಿ. ಎದ್ದು ನಿಲ್ಲುವ ಮುಂಚೆ ನನಗೊಬ್ಬಳಿಗೇ ಕೇಳುವ ಹಾಗೆ, "ಹಾಳಾದೋಳೇ," ಅಂದರು. ಆಮೇಲೆ ಕೋಲು ಊರಿ ಎದ್ದರು. ಕರೆದಾದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಯಜಮಾನನಿಗೂ ಹಕ್ಕಿಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಫೋಟೋ ಕಡೆ ತಿರುಗಿ, "ಮಗನೇ, ಅವತ್ತು ನಿನಗೆ ಸುಮ್ಮನಿರು ಅಂದೆ. ತಪ್ಪು ಮಾಡ್ದೆ. ಇವತ್ತು ನಾನು ಸುಮ್ಮನಿರ್ತೀನಿ, ನೀನು ನಿನ್ನ ಜನರ ಜತೆ ಒಳಗೆ ಬಾ," ಅಂತ ಅನ್ನಲು ಯಾವ ಪದ್ಧತಿಯೂ ಅವರನ್ನು ಬಲವಂತ ಮಾಡಿರಲಿಲ್ಲ. ಅದು ಅವರ ಹೊಟ್ಟೆಯಿಂದ ಬಂದದ್ದು.

ನಿನಗೆ ಗೊತ್ತಿಲ್ಲದ್ದು ಇನ್ನೆರಡು. ತಂಡದ ಬಸ್ಸು ಹೊರಡುವಾಗ ದೊಡ್ಡಮ್ಮ ಹಿಂದೆಯೇ ಓಡಿ, ಕರಿದ ರೊಟ್ಟಿಯ ಎರಡು ಬುಟ್ಟಿಗಳನ್ನು ಕಿಟಕಿಯಿಂದ ಒಳಗೆ ತುರುಕಿದಳು. "ಹಸ್ಕೊಂಡು ಹೋಗ್ಬೇಡ್ರಪ್ಪಾ," ಅಂದಳಂತೆ. "ನಿಮ್ಮ ದೇಶದಲ್ಲಿ ಎಲ್ಲರನ್ನೂ ಒಂದೇ ಬೆಂಚಲ್ಲಿ ಕೂರಿಸಿದ ಮೇಲೆ ಬನ್ನಿ. ಆಗ ಒಳಗೆ ಕೂತು ತಿನ್ನೋರಂತೆ." ನಮ್ಮ ಗೇಟಿನಿಂದ ಇವತ್ತಿಗೂ ಯಾರೂ ಹಸಿದು ಹೋಗಿಲ್ಲ.

ಎರಡನೆಯದು. ಅರವತ್ತು ಜನರಿಗೆ ಊಟ ಹೇಗೆ ಸರಿಹೋಯಿತು ಅಂತ ನೀನು ಯೋಚಿಸಿದೆಯಾ? ತಂಡದವರು ಇದ್ದದ್ದು ಮೂವತ್ತು. ಜನ ಎಷ್ಟು ಅಂತ ಕೇಳಿದ ನನ್ನ ಕಾಗದವನ್ನು ನೀನು ಪೊಲೀಸರಿಗೆ ಅಂತ ಓದಿಕೊಂಡೆ. ದೊಡ್ಡಮ್ಮ ಕೂಡ ಅದನ್ನು ಓದಿದಳು, ನಿನ್ನ ಉತ್ತರವನ್ನೂ ಓದಿದಳು, ಗಂಡನಿಗೆ ಒಂದು ಮಾತೂ ಹೇಳದೆ ಇನ್ನೆರಡು ಮೂಟೆ ಗೆಣಸು ತರಿಸಿದಳು.

ಇವತ್ತು ನೇಪಿಯರ್‌ನಲ್ಲಿ ಪಂದ್ಯ. ದೊಡ್ಡಪ್ಪ ಟಿ.ವಿ. ಹಾಕಿಲ್ಲ.

ನಿನ್ನ ಅಕ್ಕ
ಪಿರಿಹಿರ


ಆಕ್ಲೆಂಡ್
30 ಆಗಸ್ಟ್ 1981

ಅಕ್ಕಾ, ನನ್ನ ಅಕ್ಕಾ,

ನಿನ್ನ ಕಾಗದವನ್ನು ಕಾರ್ಖಾನೆಯ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದೆ. ಕೆಟಲ್ಲಿನ ಭಾಗ ಬಂದಾಗ ನಗು ತಡೆಯಲಾಗದೆ ಒಬ್ಬಳು ಚಹಾ ಮೈಮೇಲೆ ಚೆಲ್ಲಿಕೊಂಡಳು. ದೊಡ್ಡಮ್ಮಾ, ಇದನ್ನು ಮೊದಲು ಓದುವವಳು ನೀನೇ ತಾನೇ? ನಿನ್ನ ಕಾಲಿಗೆ ಬಿದ್ದೆ.

ನನ್ನ ಕಡೆಯದು ಕೇಳು. ನೀನು ಉಸಿರು ತೆಗೆದುಕೊಂಡದ್ದು ರಸ್ತೆಯಾಚೆಯಿಂದ ಕಂಡಿತು. ನಾನು ತಿರುಗಿಬಿಟ್ಟೆ ಅಕ್ಕಾ. ಪೂರ್ತಿ ತಿರುಗಿದ್ದೆ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಒಂದು ಹುಲ್ಲುಗಾವಲು, ಎರಡು ಹಸು. ಬೆನ್ನಿಗೆ ನಿನ್ನ ದನಿ ಬಂದು ಬಡಿಯಿತು. ಮೊದಲ ಸಾಲು ತಲೆಗೆ ಹೋಗಲೇ ಇಲ್ಲ, ಅಷ್ಟು ಸಿಟ್ಟಿತ್ತು. ಆಮೇಲೆ ಪಾರತೆನೆಯ ಹೆಸರು ಕಿವಿಗೆ ಬಿತ್ತು. ಅವನ ಹೆಸರನ್ನು ಆ ತಂಡಕ್ಕೆ ಯಾಕೆ ಹೇಳುತ್ತಾಳೆ ಅಂದುಕೊಳ್ಳುವಷ್ಟರಲ್ಲಿ, ಅಮ್ಮನ ಕಿರಿಮಗಳೇ ಅಂದೆ.

ತಿರುಗಿದೆ. ನೀನು ನನ್ನನ್ನೇ ನೋಡುತ್ತಿದ್ದೆ.

ಉತ್ತರ ನೆನಪಿರಲಿಲ್ಲ. ನಿಜವಾಗಿಯೂ ಒಂದು ಪದವೂ ಇರಲಿಲ್ಲ. ಫೆಬ್ರುವರಿ ಪಕ್ಕದಲ್ಲಿ, "ಏನಂತೆ? ಏನ್ ಹೇಳಿದ್ರು?" ಅಂತ ಕೇಳುತ್ತಿದ್ದ. "ನಮ್ಮನ್ನ ಕರೀತಿದ್ದಾಳೆ," ಅಂದೆ. "ನಮ್ಮನ್ನಾ?" ಅಂದ. "ನಿನ್ನನ್ನೂ," ಅಂದೆ. ಅವನು ಟೋಪಿ ತೆಗೆದ. ಅವನು ಟೋಪಿ ತೆಗೆದದ್ದು ನೋಡಿದೆ ನೋಡು, ನನ್ನ ಬಾಯಿ ತಾನೇ ತೆರೆದುಕೊಂಡಿತು.

ಕರೆದೆ ನೀನು, ಕೇಳಿದೆವು ನಾವು, ಬಂದೆವು!
ದಾರಿ ದೂರ, ಹೊರೆ ಭಾರ, ಆದರೂ ಬಂದೆವು,
ಬಿಟ್ಟುಹೋದ ಹೆಸರುಗಳನ್ನು ಮಡಿಲಲ್ಲಿ ತಂದೆವು!

ಮೊದಲ ಎರಡು ಸಾಲು ಅಮ್ಮನವು. ಉಳಿದದ್ದು ಎಲ್ಲಿಂದ ಬಂತೋ ಗೊತ್ತಿಲ್ಲ. ಮುಂದೆ ನಡೆದೆ. ಪೊಲೀಸರು ಎರಡು ಕಡೆಗೆ ಸರಿದರು. ಅದರಲ್ಲಿ ಒಬ್ಬ ನಮ್ಮ ಕಡೆಯ ಹುಡುಗ, ಅವನು ಹೆಲ್ಮೆಟ್ ತೆಗೆದು ತಲೆ ಬಗ್ಗಿಸಿದ. ಆ ತಂಡದವರೂ ದಾರಿ ಬಿಟ್ಟರು. ಅವರ ನಡುವೆ ಹಾದು, ಅರವತ್ತು ಜನ ಮನೆಯೊಳಗೆ ಹೋದೆವು ಅಕ್ಕಾ! ಹ್ಯಾಮಿಲ್ಟನ್‌ನಲ್ಲಿ ನಾವು ಬೇಲಿ ಕಿತ್ತು ನುಗ್ಗಿದ್ದೆವು. ಇಲ್ಲಿ ಗೇಟಿನಿಂದಲೇ ಒಳಗೆ ಹೋದೆವು.

ಊಟದ ಮನೆಯಲ್ಲಿ ದೊಡ್ಡಪ್ಪ ಏನು ಮಾಡಿದರು ಅಂತ ನೀನು ನೋಡಲಿಲ್ಲ, ಅಡಿಗೆಯ ಕಡೆ ಇದ್ದೆ. ನಮ್ಮ ಸ್ವಾಗತದ ಪದ್ಧತಿಯಂತೆ ಫೆಬ್ರುವರಿಯ ಮೂಗಿಗೆ ಮೂಗು ತಾಗಿಸಿ, ಕೈ ಬಿಡದೆ ಪಕ್ಕದಲ್ಲೇ ಕೂರಿಸಿಕೊಂಡರು.

"ದಕ್ಷಿಣ ಆಫ್ರಿಕಾದೋನಾ?"

"ಹೌದು ಸರ್."

"ರಗ್ಬಿ ಆಡಿದ್ದೀಯಾ?"

"ಹನ್ನೊಂದು ವರ್ಷ. ನಮ್ಮವರ ಕ್ಲಬ್ಬುಗಳಲ್ಲೇ. ಪೇಪರಲ್ಲಿ ಬರ್ತಿರ್ಲಿಲ್ಲ."

"ಯಾವ ಜಾಗ?"

"ಫುಲ್‌ಬ್ಯಾಕ್."

ದೊಡ್ಡಪ್ಪ ತುತ್ತು ಕೆಳಗಿಟ್ಟರು. "ನಮ್ಮ ಹುಡುಗನೂ ಫುಲ್‌ಬ್ಯಾಕೇ," ಅಂದರು. ಆಮೇಲೆ ಇಬ್ಬರೂ ಉಪ್ಪಿನ ಡಬ್ಬಿ, ಚಮಚ, ಆಲೂಗಡ್ಡೆ ಎಲ್ಲ ಮೇಜಿನ ಮೇಲೆ ಹರಡಿಕೊಂಡು ಯಾವ ಚೆಂಡನ್ನು ಹೇಗೆ ಹಿಡಿಯಬೇಕು ಅಂತ ಜಗಳಕ್ಕೇ ನಿಂತರು. ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸೋತ. ದಕ್ಷಿಣ ಆಫ್ರಿಕಾದ ಆಟಗಾರನಿಗೆ ಊಟ ಹಾಕಬೇಕು ಅಂತ ಹಟ ಹಿಡಿದಿದ್ದರಲ್ಲ, ಹಾಕಿಯೇಬಿಟ್ಟರು.

ಸಭ್ಯಸ್ಥರು ಅಂತ ಅವನು ನಿನ್ನ ಬಗ್ಗೆ ಹೇಳಿದ್ದು ಸರಿಯಾಗಿತ್ತು. ನಾನು ಬರೆದ ಆ ಕಾಗದವನ್ನು ಹರಿದುಹಾಕು.

ಶುಂಠಿ ಬಿಸ್ಕತ್ ಎರಡು ಚೀಲ. ಮುರುಕಲ್ಲ, ಇಡಿಯವು. ಒಂದರ ಮೇಲೆ ದೊಡ್ಡಮ್ಮನ ಹೆಸರೇ ಬರೆದಿದ್ದೇನೆ.

ನಿನ್ನ ತಂಗಿ
ಅರಿಹಿಯಾ


ವೈಹೀರೆ
6 ಸೆಪ್ಟೆಂಬರ್ 1981

ಅರಿಹಿಯಾ,

ದೊಡ್ಡಮ್ಮ ತನ್ನ ಚೀಲ ತೆಗೆದುಕೊಂಡು, ನನ್ನದರಿಂದಲೂ ತಿಂದಳು. ಅಭ್ಯಾಸ.

ರಗ್ಬಿ ಸಂಘದಿಂದ ಕಾಗದ ಬಂದಿದೆ. ಒಪ್ಪಿಕೊಂಡ ಮೇಲೆ ಅತಿಥಿಗಳಿಗೆ ಕರೆ ಯಾಕೆ ಕೊಡಲಿಲ್ಲ, ಕ್ಷಮೆ ಕೇಳಿ ಅಂತ. ಊರಲ್ಲೂ ಕೆಲವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬಿಡಲಿ, ಹಾವುಮೀನು ಬಿದ್ದಾಗ ತಾವಾಗಿ ಬರುತ್ತಾರೆ. ಸಂಘಕ್ಕೆ ಉತ್ತರವನ್ನು ದೊಡ್ಡಪ್ಪ ಹೇಳಿದರು, ನಾನು ಬರೆದೆ: "ನಮ್ಮ ಜಗಲಿ ಅಂದು ಸುಮ್ಮನಿರಲಿಲ್ಲ. ಅತಿಥಿಗಳನ್ನು ಕರೆದೆವು. ಬಂದರು. ಉಂಡರು. ಇನ್ನೇನು?" ಕೆಳಗೆ ಸಹಿ ಹಾಕಿ, ಯುದ್ಧದಲ್ಲಿದ್ದಾಗಿನ ತಮ್ಮ ಸೈನ್ಯದ ಸಂಖ್ಯೆಯನ್ನೂ ಬರೆದರು. ಯಾಕೆ ಅಂತ ಕೇಳಿದರೆ, "ಹೆದರ್ಲಿ," ಅಂದರು.

12ನೇ ತಾರೀಕು ಶನಿವಾರ ಆಕ್ಲೆಂಡ್‌ನಲ್ಲಿ ಆ ತಂಡದ ಕೊನೆಯ ಪಂದ್ಯ ಅಲ್ಲವಾ? ಮೈದಾನದ ಹೊರಗೆ ನೀವೆಲ್ಲ ನಿಲ್ಲುತ್ತೀರಲ್ಲ, ಎಷ್ಟು ಜನ ಅಂತ ಬರೆಯುವ ಅಗತ್ಯವಿಲ್ಲ. ನಿಮ್ಮ ಲೆಕ್ಕಕ್ಕೆ ಮೂರು ಜನ ಸೇರಿಸಿಕೋ. ನಾನು, ದೊಡ್ಡಮ್ಮ, ದೊಡ್ಡಪ್ಪ. ಪದಕಗಳಿಗೆ ಪಾಲಿಶ್ ಆಗುತ್ತಿದೆ. ಯಾರಾದರೂ ಬಿಯರ್ ಡಬ್ಬಿ ಎಸೆದರೆ ತಾನೇ ಹಿಡಿಯುತ್ತೇನೆ, ತುಂಬಿದ್ದರೆ ಕುಡಿಯುತ್ತೇನೆ ಅಂತ ದೊಡ್ಡಪ್ಪ ಹೇಳಿದ್ದಾರೆ. ಪಾರತೆನೆಯ ಬೂಟುಗಳನ್ನೂ ಚೀಲಕ್ಕೆ ಹಾಕಿಕೊಂಡಿದ್ದಾರೆ. ಫೆಬ್ರುವರಿಯ ಕಾಲಿನ ಅಳತೆಯನ್ನು ಅವತ್ತೇ ಊಟದ ಹೊತ್ತಿನಲ್ಲಿ ಕೇಳಿಕೊಂಡಿದ್ದರಂತೆ.

ಒಂದೇ ಒಂದು ಕೇಳುತ್ತೇನೆ. ಜಗಲಿಯ ಮೇಲೆ ನಿಂತು ಇಷ್ಟು ವರ್ಷ ಊರನ್ನೆಲ್ಲ ಕರೆದಿದ್ದೇನೆ. ಅಮ್ಮ ಹೋದ ಮೇಲೆ ಆ ದನಿಯಲ್ಲಿ ನನ್ನನ್ನು ಯಾರೂ ಕರೆದಿಲ್ಲ. ಆ ದಿನ ಅದು ನಿನ್ನ ಬಾಯಲ್ಲಿತ್ತು, ನನ್ನ ಕಿವಿಯಾರೆ ಕೇಳಿದೆ. ಶನಿವಾರ ಬೆಳಿಗ್ಗೆ ನಮ್ಮ ಬಸ್ಸು ಆಕ್ಲೆಂಡಿಗೆ ಬರುತ್ತದೆ. ನಿಲ್ದಾಣದಲ್ಲಿ ಜನ ನೋಡುತ್ತಾರೆ ಅಂತ ನಾಚಿಕೊಳ್ಳಬೇಡ. ಅಮ್ಮನ ಕೋಟು ಹಾಕಿಕೊಂಡು ಬಂದು ನಿಲ್ಲು. ನೀನು ಕರೆಯುವ ತನಕ ನಾನು ಬಸ್ಸಿನಿಂದ ಇಳಿಯುವುದಿಲ್ಲ.

ಜೋರಾಗಿ ಕರಿ.

ಪಿರಿಹಿರ